ಒಳಗಿನ ಅರಿವೆ

“ಒಳಗೇನ ಹಾಕ್ಕೊಂಡೀ?”

ಬಡಿಗೇರ ಮೇಡಂ ನನ್ನೊಡನೆ ಆಡಿದ ಮೊದಲ ಮಾತು ಇದು. ಕಾಲೇಜಿನ ಮೈದಾನದಲ್ಲಿ, ಅಷ್ಟೂ ಹುಡುಗಿಯರ ನಡುವೆ, ಗೇಟಿನಲ್ಲಿ ಬೀಡಿ ಸೇದುತ್ತ ಕೂತ ಜವಾನನಿಗೂ ಕೇಳುವ ಹಾಗೆ ಕೇಳಿದ್ದರು. ನಾನು ನಾಚಿಕೆಯಿಂದ ನೆಲ ನೋಡಿದೆ. ಅವರು ಉತ್ತರಕ್ಕೆ ಕಾಯಲಿಲ್ಲ. ನನ್ನ ಕುತ್ತಿಗೆಯ ಹಿಂದೆ ಎರಡು ಬೆರಳು ತೂರಿಸಿ, ಒಳಗಿನ ಬಟ್ಟೆಯ ಅಂಚು ಹಿಡಿದು ಉಜ್ಜಿ, “ಹತ್ತಿ!” ಎಂದರು. ತಲೆಯಲ್ಲಿ ಹೇನು ಸಿಕ್ಕಾಗ ನಮ್ಮಜ್ಜಿ ಮಾಡುತ್ತಿದ್ದ ಮುಖವನ್ನೇ ಮಾಡಿದರು.

ಆ ಪ್ರಶ್ನೆಯೇ ಮುಂದೆ ಅವರನ್ನು ಹೊಳೆಯಿಂದ ದೂರ ಇಟ್ಟಿತು. ಅದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಇದನ್ನು ನಾನು ಸಮಾಧಾನದಿಂದ ಬರೆಯುತ್ತೇನೆಂದು ಯಾರೂ ಎಣಿಸಬಾರದು.

ಧಾರವಾಡದ ನಮ್ಮ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಅವರು ಆಟೋಟದ ಮೇಡಂ. ತವರು ಹತ್ತಿರದ ಹಳ್ಳಿ ಮುಗದ. ಕುಳ್ಳಗಿನ ಗಟ್ಟಿಮುಟ್ಟಾದ ಹೆಂಗಸು. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು ಹಾಕುತ್ತಿದ್ದರು. ಅದರೊಳಗೆ ಏಪ್ರಿಲ್ ಬಿಸಿಲಿನಲ್ಲೂ ಉಣ್ಣೆಯ ಕಾಲುಚೀಲ. ಕೊರಳಲ್ಲಿ ತಾಳಿಯ ಜೊತೆಗೇ ಸೀಟಿ ತೂಗಾಡುತ್ತಿತ್ತು. ಸಿಟ್ಟಿನ ಭರದಲ್ಲಿ ಸೀಟಿಯೆಂದು ತಾಳಿಯನ್ನೇ ಬಾಯಿಗಿಟ್ಟು ಊದಲು ಹೋದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಬೆನ್ನ ಹಿಂದೆ ನಮಗೆಲ್ಲ ಅವರು ‘ಬಡಿಗಿ ಮೇಡಂ’. ಅದು ಅವರಿಗೂ ಗೊತ್ತಿತ್ತು. “ಬಡಿಗಿ ಅಂತೀರಿ, ಅನ್ರಿ. ಇವತ್ತಿನ ತನಕಾ ಒಬ್ಬಾಕಿಗರೆ ಹೊಡದೀನೇನು? ಬಾಯಿ ಇದ್ದ ಮ್ಯಾಲ ಬಡಿಗಿ ಯಾಕ ಬೇಕ ನನಗ?” ಎನ್ನುತ್ತಿದ್ದರು.

ಸಿಟ್ಟು ಅವರ ಮೂಗಿನ ತುದಿಯಲ್ಲೇ ಇರುತ್ತಿತ್ತು. ಬೂಟಿನ ದಾರ ಬಿಚ್ಚಿದ್ದರೆ ಸಿಟ್ಟು. ಬೆಳಗಿನ ಚಳಿಯಲ್ಲಿ ಹಸಿ ತಲೆ ಬಿಟ್ಟುಕೊಂಡು ಬಂದರೆ ಸಿಟ್ಟು. ಯಾರಾದರೂ “ನಂಗೇನ ಆಗೂದಿಲ್ರಿ ಮೇಡಂ” ಎಂದರಂತೂ ಮುಗಿಯಿತು. “ನಿಂಗ ಆಗೂದಿಲ್ಲ ಅಂತ ಹೊಳಿಗೆ ಯಾರ ಹೇಳ್ಯಾರ? ನೀ ಹೋಗಿ ಹೇಳಿ ಬಂದೀ ಏನ?” ಎಂದು ಮೈದಾನವೆಲ್ಲ ಒಂದು ಮಾಡುತ್ತಿದ್ದರು.

ಅದಕ್ಕೆ ಕಾರಣವಿತ್ತು. ಹರೆಯದಲ್ಲಿ ಅವರು ಉತ್ತರದ ಬೆಟ್ಟಗಳ ಕಡೆ ಸಾಹಸ ತರಬೇತಿಗೆ ಹೋಗಿದ್ದರು. ಅಲ್ಲಿ ಹಿಮ ಕರಗಿ ಹರಿಯುವ ಹೊಳೆಯಲ್ಲಿ ದೋಣಿ ಮಗುಚಿತು. ಮೈಮೇಲೆ ಇದ್ದದ್ದು ಹತ್ತಿಯ ಬನಿಯನ್ನು, ಹತ್ತಿಯ ಅಂಗಿ, ಹತ್ತಿಯ ಪ್ಯಾಂಟು. “ಮುಳಗಿ ಸಾಯಾಕಿ ಅಲ್ಲ ನಾ, ಈಜ ಬರತಿತ್ತು. ದಂಡಿಗೆ ಬಂದು ಕುಂತ ಮ್ಯಾಲ ಸಾಯಾಕ ಹತ್ತಿದ್ದೆ. ಹಸಿ ಅರಿವಿ ಮೈಗೆ ಅಂಟಿಕೊಂಡು, ಮ್ಯಾಲ ಗಾಳಿ ಬೀಸಿ, ಮೈಯಾಗಿನ ಕಾವು ಅಷ್ಟೂ ಹೀರಿಬಿಡ್ತು. ಯಾರೋ ಬಂದು ನಿನ್ನ ಹೆಸರೇನ ಅಂತ ಕೇಳಿದ್ರು. ನನ್ನ ಹೆಸರು ನಂಗ ಹೇಳಾಕ ಬರಲಿಲ್ಲ.” ಇದನ್ನು ಹೇಳುವಾಗ ಮಾತ್ರ ಅವರ ದನಿ ತಗ್ಗುತ್ತಿತ್ತು. ತಗ್ಗಿತಲ್ಲ ಎಂದು ಅವರಿಗೇ ಸಿಟ್ಟು ಬಂದು, “ಏನ ನೋಡತೀರಿ ನನ್ನ ಮಾರಿ? ಓಡ್ರಿ ಒಂದ ಸುತ್ತ!” ಎಂದು ಸೀಟಿ ಊದುತ್ತಿದ್ದರು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ದಾಂಡೇಲಿಯ ಕಾಳಿ ಹೊಳೆಯಲ್ಲಿ ರಬ್ಬರಿನ ದೋಣಿ ಬಿಟ್ಟು, ಬಂಡೆಗಳ ನಡುವೆ ಧುಮುಕುವ ನೀರಿನಲ್ಲಿ ಜನರನ್ನು ಕರೆದೊಯ್ಯುವುದು ಆಗಷ್ಟೇ ಶುರುವಾಗಿತ್ತು. ಗಂಡುಹುಡುಗರು ಹೋಗಿ ಬಂದು ಊರ ತುಂಬ ಬಡಾಯಿ ಕೊಚ್ಚುತ್ತಿದ್ದರು. ನಮ್ಮ ಹುಡುಗಿಯರೂ ಹೋಗಬೇಕೆಂದು ಮೇಡಂ ಹಟ ಹಿಡಿದರು. ನಾನಾಗ ಬಿ.ಎ. ಎರಡನೆಯ ವರ್ಷದಲ್ಲಿದ್ದೆ. ನನ್ನ ಗೆಳತಿ ರೇಣುಕಾ ಅಮ್ಮಿನಬಾವಿಯಿಂದ ದಿನವೂ ಬಸ್ಸಿಗೆ ಬರುತ್ತಿದ್ದಳು. ಕೆರೆ ಬಿಟ್ಟು ಬೇರೆ ನೀರು ಕಾಣದ ನಾವಿಬ್ಬರೂ ಮುಂದಾಗಿ ಹೆಸರು ಕೊಟ್ಟೆವು.

ಡಿಸೆಂಬರಿನ ಒಂದು ಬೆಳಿಗ್ಗೆ, ಹೊಳೆಗೆ ಹಾಕಿಕೊಳ್ಳುವ ಬಟ್ಟೆಯಲ್ಲೇ ಎಲ್ಲರೂ ಮೈದಾನಕ್ಕೆ ಬರಬೇಕೆಂದು ಅಪ್ಪಣೆಯಾಯಿತು. ಮಂಜು ಇನ್ನೂ ಹರಿದಿರಲಿಲ್ಲ. ಒಬ್ಬಳು ಹೊಸ ಜೀನ್ಸಿನಲ್ಲಿ ಬಂದಳು, ಒಬ್ಬಳು ಅಣ್ಣನ ಸ್ಕೂಟರಿನ ರೇನ್‌ಕೋಟಿನಲ್ಲಿ. ನಾನು ಚೂಡಿದಾರದ ಮೇಲೆ ಅವ್ವ ಹೆಣೆದ ಸ್ವೆಟರ್ ಹಾಕಿಕೊಂಡಿದ್ದೆ. ರೇಣುಕಾಳ ಅವ್ವ ಅವಳಿಗೆ ಅಪ್ಪ ಹೊಲಕ್ಕೆ ಹೊದ್ದು ಹೋಗುವ ಕರಿ ಕಂಬಳಿಯನ್ನೇ ಹೊದಿಸಿ ಕಳಿಸಿದ್ದಳು. ನಾವೆಲ್ಲ ಕಿಸಿಕಿಸಿ ನಕ್ಕೆವು. ನಳದ ಹತ್ತಿರ ನೀರು ತುಂಬಿದ ಬಕೀಟುಗಳು ಸಾಲಾಗಿ ಇದ್ದವು. ಅವು ಯಾತಕ್ಕೆಂದು ಹೊಳೆಯುವಷ್ಟರಲ್ಲಿ ಮೇಡಂ ಒಂದನ್ನು ಎತ್ತಿ ಜೀನ್ಸಿನವಳ ತಲೆಯ ಮೇಲೆ ಸುರಿದಿದ್ದರು.

“ಹೊಳಿ ನಿನ್ನ ಕೇಳಿ ಬರೂದಿಲ್ಲ! ಕುಂದರು ಅಲ್ಲಿ, ಗಾಳಿಗೆ!”

ಒಬ್ಬೊಬ್ಬರಿಗೂ ಒಂದೊಂದು ಬಕೀಟು. ಆಮೇಲೆ ಗಾಳಿ ನೇರ ಬಡಿಯುವ ಕಲ್ಲುಮೆಟ್ಟಿಲ ಮೇಲೆ ಕೂರಿಸಿದರು. ಸ್ವಲ್ಪ ಹೊತ್ತಿಗೆ ಜೀನ್ಸಿನವಳು ಏಳಲು ಹೋಗಿ ಏಳಲಾರದೆ ಅಳತೊಡಗಿದಳು. ತೊಯ್ದ ಜೀನ್ಸು ಕಾಲಿಗೆ ಹಲಗೆ ಕಟ್ಟಿದ ಹಾಗಾಗಿತ್ತು. ರೇನ್‌ಕೋಟಿನವಳ ಕೊರಳಿನಿಂದ ಇಳಿದ ನೀರು ತೋಳುಗಳಲ್ಲಿ ತುಂಬಿ ಜೋತಾಡುತ್ತಿತ್ತು. “ನೋಡ್ರಿ ಈಕಿನ್ನ! ನೀರ ಹೊರಗಿಡೂ ಬದಲಿ ಒಳಗ ಕಟ್ಟಿಕೊಂಡು ಕುಂತಾಳ. ಇದು ಸ್ಕೂಟರ್ ಅರಿವಿ, ಹೊಳಿ ಅರಿವಿ ಅಲ್ಲ” ಎಂದು ಮೇಡಂ ಅವಳ ತೋಳು ಹಿಂಡಿ ತೋರಿಸಿದರು. ನನ್ನ ಸ್ವೆಟರಿನ ಕೆಳಗಿನ ಹತ್ತಿ ಬಟ್ಟೆ ಬೆನ್ನಿಗೆ ಮಂಜುಗಡ್ಡೆಯಂತೆ ಅಂಟಿ ಹಲ್ಲು ಕಟಕಟ ಎನ್ನುತ್ತಿದ್ದವು. ನಡುಗದೆ ಕೂತವಳು ರೇಣುಕಾ ಒಬ್ಬಳೇ.

“ಈಗ ನಗ್ರಿ!” ಮೇಡಂ ಕೂಗಿದರು. “ಕಂಬಳಿ ಹೊತ್ಕೊಂಡು ಹೊಳಿಗೆ ಹೋಗಾಕ ಬರೂದಿಲ್ಲ, ಭಾರಾಗಿ ಒಳಗ ಎಳಕೊಂಡು ಹೋಗತೈತಿ. ಆದ್ರ ಮೈಗೆ ತಾಗಿ ಇರಬೇಕಾದ್ದು ಅದರ ಜಾತಿದು. ಉಣ್ಣಿ ತೊಯ್ದರೂ ಕಾವು ಬಿಡೂದಿಲ್ಲ. ಒಳಗ ತೆಳ್ಳನ ಉಣ್ಣಿ, ಮ್ಯಾಲ ನೀರು ಗಾಳಿ ತಡಿಯೂ ಅರಿವಿ, ಕೊರಳು ಮುಂಗೈ ಪಾದ ಬಂದ್. ತಿಳೀತಿಲ್ಲೋ? ಹೋಗ್ರಿ, ಮೈ ಒರಿಸ್ಕೊಳ್ರಿ, ಚಾ ಮಾಡಿಸೀನಿ.”

ಚಹಾ ಕುಡಿಯುವಾಗಲೂ ಬೈಗುಳ ನಡೆದೇ ಇತ್ತು.

ಮರುದಿನ ನಮ್ಮನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದರು. ಪ್ರತಿ ಚಳಿಗಾಲ ಮುಂಡಗೋಡಿನಿಂದ ಟಿಬೆಟಿನವರು ಬಂದು ಸ್ವೆಟರ್ ಅಂಗಡಿ ಹಾಕುತ್ತಿದ್ದರು. ಅಲ್ಲಿ ಬಣ್ಣ ನೋಡಿ ಸ್ವೆಟರಿಗೆ ಕೈ ಹಾಕಿದವರ ಕೈ ಮೇಲೆ ಏಟು ಬಿದ್ದಂಥ ಮಾತು ಬಿತ್ತು. ಹಾಕಿಕೊಂಡು ಎರಡೂ ಕೈ ಎತ್ತಿ ದೋಣಿಯ ಹುಟ್ಟು ಹಾಕಿದ ಹಾಗೆ ತಿರುಗಿಸಬೇಕು, ಕುಕ್ಕರಗಾಲಲ್ಲಿ ಕೂತು ಏಳಬೇಕು; ಬೆನ್ನು ಬರಿದಾದರೆ ಅದು ಬೇಡ, ಕಂಕುಳು ಹಿಡಿದರೂ ಬೇಡ. ಬೀದಿಯ ಜನ ನಿಂತು ನೋಡುತ್ತಿದ್ದರು. “ನೋಡಲಿ. ನಾಳೆ ಕೈ ಎತ್ತಾಕ ಬರಲಿಲ್ಲಂದ್ರ ಇವರೇನ ಬಂದು ಹುಟ್ಟ ಹಾಕತಾರ?” ಎಂದು ಮೇಡಂ ಇನ್ನೂ ಒಮ್ಮೆ ಕೂರಿಸಿ ಏಳಿಸಿದರು. ಅದರ ಮೇಲೆ ನೈಲಾನಿನ ಜಾಕೀಟು, ಅಂಥದೇ ಪ್ಯಾಂಟು. ಮುಂಗೈಯಲ್ಲಿ ನೀರು ನುಗ್ಗದಿರಲೆಂದು ಸೈಕಲ್ಲಿನ ಹಳೆಯ ಟ್ಯೂಬನ್ನು ಅಗಲವಾಗಿ ಕತ್ತರಿಸಿ, ರಕ್ತ ಕಟ್ಟದಂತೆ ಒಂದು ಬೆರಳು ಆಡುವಷ್ಟು ಸಡಿಲ ನೋಡಿ, ನಮ್ಮೆಲ್ಲರ ಕೈಗೆ ಅವರೇ ಏರಿಸಿದರು.

ಅದಕ್ಕೂ ರಾದ್ಧಾಂತವಾಯಿತು. ಗಾಜಿನ ಬಳೆ ಒಡೆದು ಕೈ ಕೊಯ್ಯುತ್ತದೆ, ತೆಗೆದಿಡಿ ಎಂದು ಮೇಡಂ ಹೇಳಿದ್ದರು. ಹೆಣ್ಣುಹುಡುಗಿಯ ಕೈ ಬರಿದು ಮಾಡಬಾರದೆಂದು ರೇಣುಕಾಳ ಅವ್ವ ಅಮ್ಮಿನಬಾವಿಯಿಂದ ಬಸ್ಸು ಹಿಡಿದು ಕಾಲೇಜಿಗೇ ಬಂದಳು. ಮೇಡಂ ರೇಣುಕಾಳ ಕೈ ಎತ್ತಿ ಹಿಡಿದರು. “ಬರಿದ ಎಲ್ಲೈತಿ ಯವ್ವಾ? ಬಳಿ ಹಾಕೀನಲ್ಲ. ಒಡಿಯೂದಿಲ್ಲ, ಸಡಲೂದಿಲ್ಲ.” ಆ ತಾಯಿ ಕರಿ ರಬ್ಬರಿನ ಬಳೆಯನ್ನು ತಿರುತಿರುಗಿಸಿ ನೋಡಿ, ನಗಬೇಕೋ ಅಳಬೇಕೋ ತಿಳಿಯದೆ, ಕೊನೆಗೆ ಅದಕ್ಕೊಂದಿಷ್ಟು ಕುಂಕುಮ ಹಚ್ಚಿ ಹೋದಳು.

ಕಾಲೇಜು ನಡೆಸುವ ಸಂಸ್ಥೆಯ ಕಾರ್ಯದರ್ಶಿಗಳು ಅಷ್ಟು ಸುಲಭಕ್ಕೆ ಬಗ್ಗುವವರಲ್ಲ. ಗಂಜಿ ಹಾಕಿದ ಬಿಳಿ ಅಂಗಿ, ಬಿಳಿ ಧೋತರ, ಮೆತ್ತಗಿನ ಮಾತು. ಪಾಲಕರ ಸಭೆ ಕರೆದು, “ಹುಡುಗ್ಯಾರು ಮೈ ತುಂಬ ಅರಿವಿ ಹಾಕ್ಕೋಬೇಕ್ರಿ ಮೇಡಂ. ಸಂಸ್ಥಾದ ಮರ್ಯಾದಿ ಪ್ರಶ್ನಾ ಅದ” ಎಂದರು. ಮೇಡಂ ಎದ್ದು ಹೊರಗೆ ಹೋದರು. ಸಿಟ್ಟಿನಿಂದ ಹೋದರೆಂದು ಎಲ್ಲರೂ ತಿಳಿದರು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಒಂದು ಆಕೃತಿ ಕಾಣಿಸಿತು. ಜಾಕೀಟಿನ ಜಿಪ್ಪು ಗದ್ದದವರೆಗೆ, ಪ್ಯಾಂಟಿನ ಕಾಲು ಕಾಲುಚೀಲದೊಳಗೆ, ಕೈಗೆ ಟ್ಯೂಬು, ತಲೆಗೆ ಮಂಕಿ ಕ್ಯಾಪು. ಕಾಣುತ್ತಿದ್ದದ್ದು ಎರಡು ಕೆಂಪು ಕಣ್ಣು ಮತ್ತು ಮೂಗು. ಸೀರೆಯಲ್ಲಲ್ಲದೆ ಅವರನ್ನು ಯಾರೂ ಕಂಡಿರಲಿಲ್ಲ.

“ಇದಕ್ಕಿಂತ ಮೈ ತುಂಬ ಅರಿವಿ ಯಾರ ಮನ್ಯಾಗ ಐತಿ, ತಂದು ತೋರಸ್ರಿ ಸರ. ಅದನ್ನ ಹಾಕಸೂಣು.”

ಸಭೆ ಗೊಳ್ಳೆಂದಿತು. ಕಾರ್ಯದರ್ಶಿಗಳೂ ನಕ್ಕರು. ಅವರು ಆ ನಗೆಯನ್ನು ಮರೆಯಲಿಲ್ಲವೆಂದು ನಮಗೆ ತಿಳಿಯಲು ಒಂದು ವರ್ಷ ಬೇಕಾಯಿತು.

ಆ ಸಲ ನಾವು ಹೊಳೆಗೆ ಹೋದೆವು. ಬಿದ್ದೆವು, ಎದ್ದೆವು, ಕಿರುಚಿ ಗಂಟಲು ಹರಿದುಕೊಂಡೆವು. ನೀರು ಮುಖಕ್ಕೆ ಹೊಡೆದಾಗ ಉಸಿರು ನಿಂತು, ಮರುಕ್ಷಣ ಎದೆಯ ಹತ್ತಿರ ಮತ್ತೆ ಬೆಚ್ಚಗಾಗುತ್ತಿದ್ದದ್ದು ಇನ್ನೂ ನೆನಪಿದೆ. ದಂಡೆಯಲ್ಲಿ ಮೇಡಂ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿಟ್ಟಿದ್ದ ಒಣ ಬಟ್ಟೆ ಹಿಡಿದು, ಒಬ್ಬೊಬ್ಬರಿಗೂ “ನಿನ್ನ ಹೆಸರೇನ?” ಎಂದು ಕೇಳುತ್ತಿದ್ದರು. ನಾವು ಹೆಸರು ಕೂಗಿ ಹೇಳುತ್ತಿದ್ದೆವು. ನನ್ನ ಹೆಸರನ್ನು ಅಷ್ಟು ಜೋರಾಗಿ ನಾನು ಅದಕ್ಕೆ ಮೊದಲು ಹೇಳಿರಲಿಲ್ಲ.

ಮುಂದಿನ ವರ್ಷ ಹೊಸ ಹುಡುಗಿಯರು ಬಂದರು. ಮೇಡಂ ಎಂದಿನಂತೆ ಕುತ್ತಿಗೆಯ ಹಿಂದೆ ಬೆರಳು ತೂರಿಸಿ ಕೇಳಿದರು. ಯಾವುದೋ ಮನೆಯಲ್ಲಿ ಆ ಪ್ರಶ್ನೆ ಬೇರೆಯೇ ಅರ್ಥ ಪಡೆದು ಕಾಲೇಜಿಗೆ ದೂರಿನ ರೂಪದಲ್ಲಿ ಬಂತು. ಕಾರ್ಯದರ್ಶಿಗಳಿಗೆ ಅಷ್ಟೇ ಬೇಕಿತ್ತು. ಅವರ ಕೋಣೆಯ ಕಿಟಕಿ ತೆರೆದಿತ್ತು. ನಾನೂ ರೇಣುಕಾಳೂ ಹೊರಗೆ ವರಾಂಡದಲ್ಲಿ ನಿಂತು ಕೇಳಿಸಿಕೊಂಡೆವು.

“ಒಳಗೇನ ಹಾಕ್ಕೊಂಡೀ ಅಂತ ನೀವು ಹುಡುಗ್ಯಾರಿಗೆ ಎಲ್ಲಾರ ಮುಂದ ಕೇಳೀರಿ, ಖರೇನೇನ್ರಿ?”

“ಖರೇ. ಕೇಳೀನಿ. ನಾಳೆನೂ ಕೇಳತೀನಿ.”

“ಅಸಭ್ಯ ಅನಸೂದಿಲ್ಲೇನ್ರಿ ಮೇಡಂ?”

“ಸಾಯೂದು ಅಸಭ್ಯ ರೀ ಸರ. ಕೇಳೂದಲ್ಲ.”

ಕಾರ್ಯದರ್ಶಿಗಳು ಮೇಡಂ ಅವರನ್ನು ಹೊಳೆಯ ಶಿಬಿರದಿಂದ ತೆಗೆದುಹಾಕಿದರು. ಅವರ ಬದಲು ಇತಿಹಾಸದ ಸರ್ ಹೊರಟರು. ಸಭ್ಯ ಮನುಷ್ಯ, ಹೊಳೆ ಕಂಡವರಲ್ಲ. ಹುಡುಗಿಯರೆಲ್ಲ ಕಾಲೇಜಿನ ಸಮವಸ್ತ್ರದಲ್ಲೇ ಬರಬೇಕೆಂದಾಯಿತು: ನೀಲಿ ಕಮೀಜು, ಬಿಳಿ ಸಲ್ವಾರು, ಎರಡೂ ಭುಜಕ್ಕೆ ಪಿನ್ನು ಹಾಕಿದ ಬಿಳಿ ವೇಲು. ಅಷ್ಟೂ ಹತ್ತಿ. ಮೇಡಂ ಗೇಟಿನಲ್ಲಿ ನಿಂತು, ಬಸ್ಸಿಗೆ ಹತ್ತುವ ಒಬ್ಬೊಬ್ಬರನ್ನೂ ತಡೆದು, “ಒಳಗ ಉಣ್ಣಿ ಹಾಕ್ಕೊಳ್ರೇ, ಯಾರಿಗೂ ಕಾಣೂದಿಲ್ಲ, ಆ ವೇಲು ತಗದು ಬಸ್ಸಿನ್ಯಾಗ ಒಗೀರೇ” ಎಂದು ಬೇಡಿಕೊಂಡರು. ಬೈಯುವ ಬಾಯಿ ಬೇಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಾನೂ ರೇಣುಕಾಳೂ ಆ ಸಲವೂ ಹೊರಟಿದ್ದೆವು. ನಾನು ಒಳಗೆ ಉಣ್ಣೆ ಹಾಕಿಕೊಂಡೇ ಬಂದಿದ್ದೆ. ರೇಣುಕಾ ಹಾಕಿರಲಿಲ್ಲ, ಅಂಥ ಮೇಡಂ ಕೊಡಿಸಿದ ಅರಿವೆ ಮೈಗೆ ಬೇಡವೆಂದು ಅವಳ ಅವ್ವ ಅದನ್ನು ಕಸಿದು ಇಟ್ಟುಕೊಂಡಿದ್ದಳು.

ಡಿಸೆಂಬರಿನ ಮಂಜು ಇನ್ನೂ ಹರಿಯದ ಹೊಳೆಯ ದಂಡೆಯಲ್ಲಿ ದೋಣಿ ನಡೆಸುವ ಹುಡುಗರು ವೇಲು ತೆಗೆಯಿರಿ ಎಂದರು. ಇತಿಹಾಸದ ಸರ್ ಒಪ್ಪಲಿಲ್ಲ. ವೇಲಿನ ಮೇಲೆಯೇ ತೇಲುವ ಜಾಕೀಟು ಕಟ್ಟಿಸಿದರು, ಸಂಸ್ಥೆಯ ಬ್ಯಾನರ್ ಹಿಡಿಸಿ ಫೋಟೋ ತೆಗೆಸಿದರು. ನಡುಹೊಳೆಯಲ್ಲಿ ನಮ್ಮ ದೋಣಿ ಮಗುಚಿತು. ಎಲ್ಲರೂ ಮೇಲೆ ಬಂದೆವು. ರೇಣುಕಾಳ ವೇಲು ದೋಣಿಯ ಅಂಚಿನ ಹಗ್ಗಕ್ಕೆ ಸುತ್ತಿಕೊಂಡು ಅವಳನ್ನು ಕೆಳಗೇ ಹಿಡಿದಿತ್ತು. ಒಬ್ಬ ಹುಡುಗ ಚಾಕು ಹಿಡಿದು ಧುಮುಕಿ ಅದನ್ನು ಕತ್ತರಿಸಿದ. ಅವಳು ಉಸಿರು ತೆಗೆದುಕೊಂಡಳು, ಕೆಮ್ಮಿದಳು, ನಕ್ಕಳು ಕೂಡ. ಸರ್ ದೊಡ್ಡದಾಗಿ ದೇವರ ಹೆಸರು ಹೇಳಿದರು. ಎಲ್ಲ ಮುಗಿಯಿತೆಂದು ಅವರು ತಿಳಿದಿದ್ದರು.

ದಂಡೆಗೆ ಬಂದು ಕೂತ ಮೇಲೆ ಅವಳ ನಡುಕ ನಿಂತುಹೋಯಿತು. ಮೈ ಮಾತ್ರ ಕಲ್ಲಿನಂತೆ ತಣ್ಣಗೇ ಇತ್ತು. ಅದು ನನಗೆ ಸರಿ ಕಾಣಲಿಲ್ಲ. ತುಟಿ ನೀಲಿಯಾಗಿತ್ತು. ನಾನು ಅವಳ ಗಲ್ಲ ಹಿಡಿದು, “ರೇಣಿ, ನಿನ್ನ ಹೆಸರೇನ?” ಎಂದೆ. ಅವಳು ನನ್ನ ಮುಖ ನೋಡಿದಳು. ಮತ್ತೆ ಕೇಳಿದೆ. ಬಾಯಿ ತೆರೆದಳು, ಏನೂ ಬರಲಿಲ್ಲ.

ನಾನು ಅವಳ ಕಮೀಜಿಗೆ ಕೈ ಹಾಕಿದೆ. “ಏ, ಏ, ಇಲ್ಲಿ ಬ್ಯಾಡ! ಜನ ನೋಡತಾರ!” ಎಂದು ಸರ್ ಓಡಿ ಬಂದರು. ನನ್ನ ಬಾಯಿಂದ ಬಡಿಗೇರ ಮೇಡಂ ದನಿಯೇ ಹೊರಬಿತ್ತು: “ನೋಡಲಿ ಸರ! ಸತ್ತರೂ ನೋಡತಾರ! ತಿರಗಿ ನಿಲ್ರಿ!” ಹುಡುಗಿಯರು ಬೆನ್ನು ತಿರುಗಿಸಿ ಸುತ್ತ ಗೋಡೆ ಕಟ್ಟಿ ನಿಂತರು. ಒದ್ದೆ ಹತ್ತಿಯನ್ನೆಲ್ಲ ಕಿತ್ತೆಸೆದು, ಅವಳ ಮೈಗೆ ನನ್ನ ಉಣ್ಣೆ ಹಾಕಿ, ಇಬ್ಬರು ಇಬ್ಬದಿಗೆ ತಬ್ಬಿ ಕೂತೆವು. ಎಷ್ಟೋ ಹೊತ್ತಿನ ಮೇಲೆ ನಡುಕ ಮರಳಿ ಅವಳ ಹಲ್ಲು ಕಟಕಟ ಎನ್ನತೊಡಗಿದವು. ಆ ಸದ್ದು ಕೇಳಿ ನಾನು ಅತ್ತೆ. ಕೊನೆಗೆ ಅವಳು “ರೇ... ರೇಣುಕಾ” ಎಂದಳು.

ಇಷ್ಟಾದ ಮೇಲೆ ಸಂಸ್ಥೆಯವರು ಏನು ಮಾಡಿದರು? ಮೇಡಂ ಅವರನ್ನು ಕರೆದು ತಪ್ಪಾಯಿತೆಂದರೇ? ಇಲ್ಲ. ಹೆಣ್ಣುಹುಡುಗಿಯರ ಕ್ಷೇಮದ ದೃಷ್ಟಿಯಿಂದ ಇನ್ನು ಮುಂದೆ ಹೊಳೆಯ ಶಿಬಿರವೇ ಬೇಡವೆಂದು ತೀರ್ಮಾನಿಸಿದರು. ಹೊಳೆ ಬೇಡವೆಂದರು, ವೇಲು ಬೇಡವೆನ್ನಲಿಲ್ಲ. ಪ್ರಾರ್ಥನೆಯ ಹೊತ್ತಿಗೆ ಕಾರ್ಯದರ್ಶಿಗಳು ಅದನ್ನು ಸಾರಿದಾಗ ಮೇಡಂ ಹುಡುಗಿಯರ ಸಾಲಿನ ಹಿಂದಿನಿಂದ ಕೂಗಿದರು: “ನಳದ ಹಂತ್ಯಾಕ ಬಕೀಟ ತುಂಬಿ ಇಡತೀನ್ರಿ ಸರ. ನಾಳೆ ಮುಂಜಾನೆ ಬಂದು ನೀವೊಮ್ಮೆ ಕುಂದರ್ರಿ. ಆಮ್ಯಾಲ ಹೇಳ್ರಿ ಯಾವುದು ಬ್ಯಾಡ ಅಂತ.” ಮರುದಿನ ಬಕೀಟು ತುಂಬಿಯೇ ಇತ್ತು. ಅವರು ಬರಲಿಲ್ಲ. ಅದಾದ ಮೇಲೆಯೂ ಚಳಿಗಾಲದಲ್ಲಿ ಮೇಡಂ ನಳದ ಹತ್ತಿರ ಒಂದು ಬಕೀಟು ತುಂಬಿ ಇಡುವುದನ್ನು ಬಿಡಲಿಲ್ಲವಂತೆ.

ಎರಡು ಸಾವಿರ ಇಸವಿ ದಾಟಿ ಕೆಲವು ವರ್ಷವಾಗಿತ್ತು. ನಾನು ಮದುವೆಯಾಗಿ ಧಾರವಾಡದ ಲಕಮನಹಳ್ಳಿಯಲ್ಲಿ ಮನೆ ಮಾಡಿದ್ದೆ. ಒಂದು ದಿನ ಮಾರ್ಕೆಟ್ಟಿನಲ್ಲಿ ಕಂಕುಳಲ್ಲಿ ಮಗಳನ್ನು ಎತ್ತಿಕೊಂಡು ಮೆಂತ್ಯೆಪಲ್ಯ ಆರಿಸುತ್ತಿದ್ದಾಗ ಹಿಂದಿನಿಂದ ಎರಡು ಬೆರಳು ಬಂದು ಮಗುವಿನ ಕೊರಳೊಳಗೆ ಇಳಿದವು. ಮಗು ಬೆಚ್ಚಿ ಅತ್ತಿತು. “ಉಣ್ಣಿ. ಛಲೋ ಆತು” ಎಂದರು ಮೇಡಂ. ಸೊರಗಿದ್ದರು. “ಮತ್ತ ಹೊಳಿಗೆ ಹೋಗೀ ಏನ?” ಎಂದು ಕೇಳಿದರು. ಇಲ್ಲವೆಂದೆ. “ಯಾಕಿಲ್ಲ? ಇಷ್ಟ ಬೈಸ್ಕೊಂಡಿದ್ದು ಮನ್ಯಾಗ ಕುಂದರಾಕೇನ?” ಎಂದು ಸಂತೆಯ ನಡುವೆ ಬೈದರು. ಅವರು ನನ್ನನ್ನು ಬೈದದ್ದು ಅದೇ ಕೊನೆ.

ಅದರ ಮರುವರ್ಷ ಡಿಸೆಂಬರಿನಲ್ಲಿ ಮೇಡಂ ಹೋದ ಸುದ್ದಿ ಬಂತು. ನಾನೂ ರೇಣುಕಾಳೂ ಮೊದಲ ಬಸ್ಸಿಗೆ ಅವರ ತವರು ಮುಗದಕ್ಕೆ ಹೋದೆವು. ಅಂಗಳದಲ್ಲಿ ಹೆಂಗಸರು ಮೇಡಂ ಅವರಿಗೆ ಸ್ನಾನ ಮಾಡಿಸಿ ಹಸಿರು ಸೀರೆ ಉಡಿಸುತ್ತಿದ್ದರು. ಹೊಸ ಸೀರೆ, ಹೊಸ ಕುಪ್ಪಸ, ಎಲ್ಲ ಹತ್ತಿ. ಕಾಲುಚೀಲ ತೆಗೆದುಬಿಟ್ಟಿದ್ದರು. ಆ ಪಾದಗಳನ್ನು ನಾನು ಮೊದಲ ಸಲ ನೋಡಿದೆ. ನನ್ನ ಬಾಯಿ ನನ್ನನ್ನು ಕೇಳಲಿಲ್ಲ.

“ಒಳಗೇನ ಹಾಕೀರಿ ಆಕಿಗೆ?”

ಹೆಂಗಸರು ದಂಗಾಗಿ ನೋಡಿದರು. “ಇನ್ನೇನ ಥಂಡಿ ಹತ್ತತೈತಿ ತಗೀವಾ ಆಕಿಗೆ” ಎಂದಳು ಒಬ್ಬ ಮುದುಕಿ. ರೇಣುಕಾ ಒಳಗೆ ಹೋಗಿ, ಗೂಟಕ್ಕೆ ತೂಗಿದ್ದ ಉಣ್ಣೆಯ ಕಾಲುಚೀಲ ತಂದು ಇಬ್ಬರ ನಡುವೆ ಒಂದೊಂದು ಹಂಚಿದಳು. ನಾವು ತೊಡಿಸಿ ಸರಿ ಮಾಡಿ ಕೂತೆವು. ಯಾರೂ ತಡೆಯಲಿಲ್ಲ.

ಬಿಸಿಲೇರುವ ಮೊದಲೇ ಕಾರು ಬಂತು. ಕಾರ್ಯದರ್ಶಿಗಳು ದೊಡ್ಡ ಹಾರ ಹಿಡಿದು ಇಳಿದರು. ಅದೇ ಗಂಜಿ ಹಾಕಿದ ಬಿಳಿ ಅಂಗಿ, ಅದೇ ಧೋತರ. ವಯಸ್ಸಾಗಿತ್ತು, ಗಾಳಿಗೆ ಗಡಗಡ ನಡುಗುತ್ತಿದ್ದರು. ಹಾರ ಹಾಕಿ, ಕೈ ಮುಗಿದು, “ಭಾಳ ಶಿಸ್ತಿನ ಹೆಣಮಗಳು. ನಮ್ಮ ಸಂಸ್ಥಾದ ಮರ್ಯಾದಿ ಹೆಚ್ಚಿಸಿದಾಕಿ” ಎಂದು ಸುತ್ತಲಿನವರಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, ಗುರುತು ಸಿಗದೆ, ಕೈ ಉಜ್ಜಿಕೊಳ್ಳುತ್ತ, “ಏನ ಥಂಡಿ ಅದರೀ ನಿಮ್ಮ ಊರಾಗ” ಎಂದರು.

ನಾನು ಎದ್ದು ನಿಂತೆ. ಅಂಗಳದಲ್ಲಿದ್ದವರಿಗೆ, ಕಟ್ಟೆಯ ಮೇಲೆ ಕೂತವರಿಗೆ, ಕಾರಿನ ಡ್ರೈವರಿಗೆ, ಎಲ್ಲರಿಗೂ ಕೇಳುವ ಹಾಗೆ ಕೇಳಿದೆ.

“ಒಳಗೇನ ಹಾಕ್ಕೊಂಡೀರಿ ಸರ?”